ಹದಿನೈದು ನಿಮಿಷದ ಹಬ್ಬ

ಬಣ್ಣದ ಕೊಕ್ಕರೆ ಮೀನನ್ನು ಕಣ್ಣಿನಿಂದ ಹುಡುಕುವುದಿಲ್ಲ. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು, ಅರಿಶಿನಗೆಂಪಿನ ಉದ್ದ ಕೊಕ್ಕನ್ನು ಅರ್ಧ ತೆರೆದು ಮುಳುಗಿಸಿ, ತಲೆಯನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ಆಡಿಸುತ್ತದೆ. ತುಮಕೂರಿನ ಅಮಾನಿಕೆರೆಯ ಅಂಚಿನ ನೀರು ಬೆಳಗಿನ ಹೊತ್ತು ಕದಡಿದ ಬೂದುಹಸಿರು. ಗೇಣುದ್ದ ಕೆಳಗೆ ಏನಿದೆ ಎಂಬುದು ದಂಡೆಯಲ್ಲಿ ಕೂತ ನನಗೂ ಕಾಣದು, ನೀರಲ್ಲಿ ನಿಂತ ಅದಕ್ಕೂ ಕಾಣದು. ಎರಡು ಹೆಜ್ಜೆಗೊಮ್ಮೆ ಒಂದು ಕಾಲನ್ನು ಮುಂದಿಟ್ಟು ಕೆಸರು ಕೆದಕುತ್ತದೆ. ಒಮ್ಮೊಮ್ಮೆ ಒಂದೇ ರೆಕ್ಕೆಯನ್ನು ಥಟ್ಟನೆ ಬಿಚ್ಚಿ ಮಡಚುತ್ತದೆ; ಆ ಅರೆಕ್ಷಣ ಬೆನ್ನಿನ ಕೊನೆಯ ಗರಿಗಳ ಎಳೆಗುಲಾಬಿ, ಅದರ ಪಕ್ಕದ ಹಸಿರು ಮಿಂಚುವ ಕಪ್ಪು, ಎರಡೂ ಬೆಳಕಿಗೆ ಬಂದು ಮರೆಯಾಗುತ್ತವೆ. ಬೆದರಿದ ಮೀನು ಓಡಿ ಕೊಕ್ಕಿನ ಒಳಬದಿಗೆ ತಾಕಬೇಕು. ತಾಕಿದ್ದೇ ತಡ ಕೊಕ್ಕು ಮುಚ್ಚಿಕೊಳ್ಳುತ್ತದೆ. ತಲೆ ಮೇಲೆದ್ದಾಗ ಒಂದು ಬೆಳ್ಳಿಯ ಮಿಣುಕು ಗಂಟಲಿಗೆ ಇಳಿದಿರುತ್ತದೆ. ಆಮೇಲೆ ಮತ್ತೆ ಅದೇ ಎಡ, ಅದೇ ಬಲ.

ನಾನು ಕೂರುವುದು ಏರಿಯ ಕೆಳಗಿನ ಒಂದು ಹೊಂಗೆಯ ಬುಡದಲ್ಲಿ. ಫೆಬ್ರುವರಿಯಲ್ಲಿ ಅದು ಎಲೆಯನ್ನೆಲ್ಲ ಉದುರಿಸಿ ಬೂದು ಕೊಂಬೆಗಳಷ್ಟೇ ಆಗಿರುತ್ತದೆ. ಯುಗಾದಿಯ ಹೊತ್ತಿಗೆ ಎಣ್ಣೆ ಸವರಿದಷ್ಟು ಹೊಳೆಯುವ ಗಿಳಿಹಸಿರು ಚಿಗುರು ಬರುತ್ತದೆ, ಅದರ ಹಿಂದೆಯೇ ಬಿಳಿನೇರಳೆ ಹೂ ನೆಲಕ್ಕೆ ಬೀಳತೊಡಗುತ್ತದೆ. ಮೂಡಲಿನಲ್ಲಿ ದೇವರಾಯನದುರ್ಗದ ಬೆಟ್ಟಸಾಲು. ಶಿಂಷಾ ಹುಟ್ಟುವುದು ಅಲ್ಲಿ, ಜಯಮಂಗಲಿ ಹುಟ್ಟುವುದೂ ಅಲ್ಲಿ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ ಸಲೀಂ ಅಲಿಯವರು ಆ ಬೆಟ್ಟದ ತಪ್ಪಲಿನ ನಾಮದ ಚಿಲುಮೆಯ ಅರಣ್ಯ ಬಂಗಲೆಯಲ್ಲಿ ತಂಗಿದ್ದರಂತೆ. ಸೂರ್ಯ ಆ ಸಾಲಿನ ಮೇಲೆ ಬರುವ ಮುಂಚಿನ ಸ್ವಲ್ಪ ಹೊತ್ತು ಕೆರೆಯ ಮೇಲೆ ಬಣ್ಣವೇ ಇರುವುದಿಲ್ಲ. ಶಬ್ದ ಮಾತ್ರ ಇರುತ್ತದೆ: ನಾಮದ ಕೋಳಿಗಳ ಒಡಕು ಕೂಗು, ಗುಳುಮುಳುಕದ ನಡುಗುವ ಕಿಲಕಿಲ, ಮಳೆಮರದೊಳಗಿಂದ ಮಡಿವಾಳ ಹಕ್ಕಿಯ ತಡೆತಡೆದು ಬರುವ ಸಿಳ್ಳು. ನನ್ನ ಬೆನ್ನ ಹಿಂದೆ ವಾಕಿಂಗ್ ಪಥದ ಮೇಲೆ ಬೂಟುಗಳ ಸದ್ದು, ಸಕ್ಕರೆ ಕಾಯಿಲೆಯ ಮಾತ್ರೆಗಳ ಚರ್ಚೆ, ಯಾರದೋ ಜೇಬಿನ ಮೊಬೈಲಿನಲ್ಲಿ ಸುಪ್ರಭಾತ.

ಅಮಾನಿಕೆರೆ ಊರಿಗೆ ಉದ್ಯಾನವಾದದ್ದು ತೀರಾ ಈಚೆಗೆ. ಅದಕ್ಕೂ ಮುಂಚೆ ಅದು ಕೆರೆ, ಅಷ್ಟೇ. ಗದ್ದೆಗೆ ನೀರು, ದನಕ್ಕೆ ನೀರು, ಬೇಸಿಗೆಗೆ ಹೂಳು. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ದಂಡೆಗೆ ಹಾಸುಗಲ್ಲು, ಕಂಬಿ, ದೀಪ, ಹುಲ್ಲುಹಾಸು ಎಲ್ಲ ಬಂದವು. ಸಂಜೆ ಸಂಸಾರಸಮೇತ ಬಂದು ಕೂರುವವರನ್ನು ಕಂಡರೆ ನನಗೂ ಖುಷಿಯೇ. ಆದರೆ ಮಟ್ಟಸವಾಗಿ ಕತ್ತರಿಸಿದ ಹುಲ್ಲುಹಾಸಿನ ಮೇಲೆ ನಾನು ಗೊರವಂಕ, ಕಾಗೆ, ಒಂದು ಕುಂಡೆಕುಸ್ಕ, ಇಷ್ಟು ಬಿಟ್ಟರೆ ಹೆಚ್ಚಿನದೇನನ್ನೂ ಕಂಡಿಲ್ಲ. ಯಾರೂ ಮುಟ್ಟದ ಮೂಲೆಯೊಂದಿದೆ. ಜೊಂಡು, ಜಾಲಿ, ಯಾವಾಗಲೋ ಸುರಿದು ಹೋದ ಕಟ್ಟಡದ ಮಣ್ಣು. ಜಂಬುಕೋಳಿ ಇರುವುದು ಅಲ್ಲಿ. ಜೊಂಡಿನ ದಂಟನ್ನು ಒಂದು ಕಾಲಿನ ಉದ್ದ ಕೆಂಪು ಬೆರಳುಗಳಲ್ಲಿ ಹಿಡಿದು ಬಾಯಿಗೆ ಎತ್ತಿಕೊಳ್ಳುತ್ತದೆ. ಬಿಳಿಯ ಎಳೆ ತಿರುಳನ್ನು ಕಚ್ಚಿ ಉಳಿದದ್ದನ್ನು ಬಿಸಾಡುತ್ತದೆ. ಬಿಸಿಲು ಬಿದ್ದಾಗ ಅದರ ಎದೆಯದು ನವಿಲುನೀಲಿ, ಮೋಡ ಬಂದಾಗ ಬರಿಯ ನೇರಳೆ. ಬಾಲವನ್ನು ಮೇಲಕ್ಕೆ ಕುಣಿಸಿದಾಗಲೆಲ್ಲ ಅಡಿಯ ಬಿಳಿ ಚೂರು ಮಿನುಗುತ್ತದೆ. ಆ ಮೂಲೆಯನ್ನು ಅಂದಗೊಳಿಸುವ ಮಾತು ವಾಕಿಂಗಿನವರ ನಡುವೆ ಆಗಾಗ ಬರುತ್ತದೆ. ಬಂದಾಗಲೆಲ್ಲ ನಾನು ಅವರನ್ನು ಜಂಬುಕೋಳಿಯ ಕಡೆಗೆ ಕರೆದೊಯ್ದು ನಿಲ್ಲಿಸುತ್ತೇನೆ. ಇದಕ್ಕಿಂತ ದೊಡ್ಡ ವಾದ ನನ್ನಲ್ಲಿಲ್ಲ.

ಕೆರೆಯ ಬಳಿ ಊರು ಸೇರುವುದು ಹೊಸತೇನಲ್ಲ. ಕೆರೆ ತುಂಬಿದರೆ ಬಾಗಿನ, ಕೋಡಿ ಬಿದ್ದರೆ ಜಾತ್ರೆಯಷ್ಟು ಜನ, ಗಣಪತಿ ಬಿಡುವ ದಿನ ತಮಟೆ. ಗಾಜಿನ ಮನೆ ಎದ್ದ ಮೇಲೆ ಸಭೆ ಸಮಾರಂಭಗಳೂ ಸೇರಿಕೊಂಡವು. ಇವುಗಳಲ್ಲಿ ಬಾಗಿನವೇ ನನಗೆ ಹೆಚ್ಚು ಇಷ್ಟ. ಬಾಗಿನ ಕೊಡಬೇಕಾದರೆ ಮೊದಲು ಕೆರೆ ತುಂಬಬೇಕು. ತುಂಬಿದೆಯೋ ಇಲ್ಲವೋ ಎಂದು ಯಾರಾದರೂ ಹೋಗಿ ನೋಡಿರಬೇಕು. ಧ್ವನಿವರ್ಧಕ ಕಟ್ಟಿದ ಸಂಜೆಗಳ ಮಾರನೆಯ ಬೆಳಗ್ಗೆ ಜೊಂಡಿನ ಅಂಚಿನ ವರಟೆ ಬಾತುಗಳು ನಡುನೀರಿಗೆ ಸರಿದಿರುತ್ತವೆ. ಮತ್ತೆ ದಂಡೆಯ ಹತ್ತಿರ ಬರಲು ಅವಕ್ಕೆ ಹೊತ್ತು ಹಿಡಿಯುತ್ತದೆ.

ಫೆಬ್ರುವರಿಯಲ್ಲಿ ನಾಲ್ಕು ದಿನ ಲೋಕದಾದ್ಯಂತ ಹಕ್ಕಿ ಎಣಿಸುವ ಹಬ್ಬವೊಂದು ನಡೆಯುತ್ತದೆ. ಅಮೆರಿಕದಲ್ಲಿ ಹುಟ್ಟಿ 2013ರ ಹೊತ್ತಿಗೆ ಭಾರತಕ್ಕೂ ಬಂದದ್ದು. ನಿಯಮ ಬಹಳ ಸರಳ. ಒಂದು ಕಡೆ ಕನಿಷ್ಠ ಹದಿನೈದು ನಿಮಿಷ ಇರಬೇಕು. ಕಂಡ, ಕೇಳಿದ ಹಕ್ಕಿಗಳನ್ನೆಲ್ಲ ಬರೆದು ಇ-ಬರ್ಡ್ ಎಂಬ ಜಾಲತಾಣಕ್ಕೆ ಸೇರಿಸಬೇಕು. ವೇದಿಕೆ ಬೇಡ, ಹಾರ ಬೇಡ, ಸ್ವಾಗತ ಭಾಷಣ ಬೇಡ. ಆ ದಿನಗಳಲ್ಲಿ ನಾನು ಕೆಲವು ಶಾಲೆಯ ಮಕ್ಕಳನ್ನೂ ಬರುವ ಮನಸ್ಸಿದ್ದ ವಾಕಿಂಗಿನವರನ್ನೂ ಕರೆದುಕೊಂಡು ಏರಿಯ ಮೇಲೆ ಕೂರುತ್ತೇನೆ. ಮೊದಲ ಐದು ನಿಮಿಷ ಯಾರಿಗೂ ಏನೂ ಕಾಣುವುದಿಲ್ಲ. ‘ಕಾಗೆ ಬರೀಬೇಕಾ ಸರ್?’ ಎಂದು ಒಬ್ಬ, ‘ಪಾರಿವಾಳ?’ ಎಂದು ಇನ್ನೊಬ್ಬ. ಬರೀಬೇಕು. ಎರಡನೆಯ ಐದು ನಿಮಿಷದಲ್ಲಿ ಕೈಗಳು ಮೇಲೇಳತೊಡಗುತ್ತವೆ. ತಂತಿಯ ಮೇಲೆ ಕಳ್ಳಿಪೀರ. ಎಲ್ಲೋ ಚಿಟ್ಟುಕುಟ್ರನ ಟುಕ್ ಟುಕ್. ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತ ಕೊಕ್ಕನ್ನು ನೆಟ್ಟಗೆ ಕೆಳಗೆ ಮಾಡಿದ ಕಪ್ಪುಬಿಳಿ ಮಿಂಚುಳ್ಳಿ. ಅದು ನೀರಿಗೆ ಬಿದ್ದು ಬರಿಗೊಕ್ಕಿನಲ್ಲಿ ಮೇಲೆದ್ದರೆ ಮಕ್ಕಳು ‘ಅಯ್ಯೋ’ ಎನ್ನುತ್ತಾರೆ. ಈ ‘ಅಯ್ಯೋ’ ಹುಟ್ಟುವುದಕ್ಕೇ ಹತ್ತು ನಿಮಿಷ ಬೇಕಾಗುತ್ತದೆ.

ಒಮ್ಮೆ ಒಬ್ಬ ಹುಡುಗಿ ದಂಡೆಯ ಕಲ್ಲಿನ ಮೇಲೆ ನಿಂತಿದ್ದ ಕೊಳದ ಬಕವನ್ನು ಬಹಳ ಹೊತ್ತು ನೋಡಿ, ‘ಸರ್, ಅದು ಬೊಂಬೆನಾ?’ ಎಂದು ಕೇಳಿದಳು. ಉದ್ಯಾನದಲ್ಲಿ ಸಿಮೆಂಟಿನ ಜಿಂಕೆ, ಕೊಕ್ಕರೆಗಳನ್ನು ಕಂಡ ಮಕ್ಕಳಿಗೆ ಆ ಅನುಮಾನ ಬರುವುದು ಸಹಜ. ನಾನು ಉತ್ತರ ಹೇಳಲಿಲ್ಲ. ಕಂದು ಗೀರುಗಳ ಕತ್ತು ಭುಜದೊಳಗೆ ಹುದುಗಿತ್ತು, ಕೊಕ್ಕು ನೀರಿಗೆ ಓರೆಯಾಗಿತ್ತು, ಹಳದಿ ಕಣ್ಣು ಮಾತ್ರ ಕೆಳಮುಖವಾಗಿ ನೆಟ್ಟಿತ್ತು. ಆಮೇಲೆ ಕತ್ತು ಬೆಳೆಯತೊಡಗಿತು. ಚಲಿಸಿದ್ದು ತಿಳಿಯಲಿಲ್ಲ, ಉದ್ದವಾದದ್ದು ಮಾತ್ರ ತಿಳಿಯಿತು. ಮೈಯೆಲ್ಲ ಒಂದು ಓರೆಗೆರೆಯಾಗಿ ಮುಂದಕ್ಕೆ ಬಾಗಿತು, ಒಂದು ಕಾಲು ಬೆರಳು ಬೆರಳಾಗಿ ಕಲ್ಲಿನಿಂದ ಬಿಟ್ಟು ಮುಂದಿನ ಕಲ್ಲಿಗೆ ಬಂತು. ಕುತ್ತಿದ್ದು ನಮಗಾರಿಗೂ ಕಾಣಲಿಲ್ಲ. ಕಪ್ಪೆ ಕೊಕ್ಕಿನಲ್ಲಿದ್ದದ್ದು ಕಂಡಿತು. ನಾಯಿಯೊಂದು ಅತ್ತ ಬಂದದ್ದೇ ಅದು ಹಾರಿತು, ಮಣ್ಣಿನ ಬಣ್ಣದ ಹಕ್ಕಿಯೊಳಗಿಂದ ಎರಡು ಅಚ್ಚಬಿಳಿ ರೆಕ್ಕೆಗಳು ಬಿಚ್ಚಿಕೊಂಡವು. ಹುಡುಗಿ ಪುಸ್ತಕದಲ್ಲಿ ಬರೆದಿದ್ದ ‘1’ರ ಮುಂದೆ ಏನನ್ನೋ ಬರೆದು ಅಡ್ಡಗೆರೆ ಎಳೆದಳು. ಏನೆಂದು ನಾನು ಇಣುಕಲಿಲ್ಲ.

ಅಮಾನಿಕೆರೆಯ ಉದ್ಯಾನ ಹೊಸದು, ಆದರೆ ಈ ಜಿಲ್ಲೆಯವರಿಗೆ ತೋಟ ಕಳೆದುಕೊಂಡ ಅನುಭವ ಹಳೆಯದು. ಸಿರಾ ಮೊಗಲರ ಸುಬಾದ ರಾಜಧಾನಿಯಾಗಿದ್ದಾಗ ಅಲ್ಲಿ ಖಾನ್ ಬಾಗ್ ಎಂಬ ತೋಟವಿತ್ತು. ಹೈದರಾಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ಹಾಕಿಸಲು ಆ ತೋಟವೇ ಸ್ಫೂರ್ತಿಯಾಗಿರಬೇಕೆಂದು ಹೇಳುವುದುಂಟು. ಲಾಲ್‌ಬಾಗಿನ ಕೆಲಸ ಶುರುವಾದದ್ದು 1760ರಲ್ಲಿ. ಮಗಳು ತೋಟ 240 ಎಕರೆಗೆ ಬೆಳೆದು ಇವತ್ತಿಗೂ ನಿಂತಿದೆ. ತಾಯಿ ತೋಟದ ಹೆಸರು ಗೆಜೆಟಿಯರ್ ಓದುವವರಿಗೆ ಮಾತ್ರ ಗೊತ್ತು. ಸಿರಾದಲ್ಲಿ, ಹಿಂದೆ ಆ ಊರನ್ನಾಳಿದ ಮಲಿಕ್ ರೆಹಾನನ ಗೋರಿ ನೋಡಲು ಹೋದಾಗಲೆಲ್ಲ ಸುತ್ತಲಿನ ಬೇವು, ಹುಣಸೆಗಳನ್ನು ನಾನು ಸ್ವಲ್ಪ ಜಾಸ್ತಿಯೇ ದಿಟ್ಟಿಸುತ್ತೇನೆ.

ಲಾಲ್‌ಬಾಗ್ ಉಳಿದದ್ದಕ್ಕೆ ಸರ್ಕಾರದ ಕಾವಲು, ಕೃಂಬಿಗಲ್, ಮರಿಗೌಡರಂಥ ತೋಟಗಾರಿಕೆ ತಜ್ಞರ ದುಡಿಮೆ ಎಲ್ಲ ಕಾರಣ. ಜನ ಬರುವುದಕ್ಕೆ ಒಂದು ದಿನ ಗೊತ್ತಾಗಿರುವುದೂ ಕಾರಣ ಎಂದು ನನ್ನ ಅನಿಸಿಕೆ. ಜನವರಿ, ಆಗಸ್ಟ್‌ಗಳ ಫಲಪುಷ್ಪ ಪ್ರದರ್ಶನಕ್ಕೆ ತುಮಕೂರಿನಿಂದಲೂ ಪ್ಯಾಸೆಂಜರ್ ರೈಲು ಹತ್ತಿ ಹೋಗುವ ಸಂಸಾರಗಳಿವೆ. ಆ ನೂಕುನುಗ್ಗಲಲ್ಲಿ ಗಾಜಿನ ಮನೆಯ ಹೂವಿನ ಗೋಪುರವನ್ನು ನೋಡುವುದಕ್ಕಿಂತ ಅದರ ಮುಂದೆ ಫೋಟೊ ತೆಗೆಸಿಕೊಳ್ಳುವವರೇ ಹೆಚ್ಚು ಎಂಬ ನನ್ನ ಗೊಣಗಾಟ ಇದ್ದೇ ಇದೆ. ಆದರೆ ಅದೇ ಲಾಲ್‌ಬಾಗಿನಲ್ಲಿ ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಗ್ಗೆ ಹಕ್ಕಿ ನೋಡುವವರು ಸೇರುವ ಪದ್ಧತಿಯೊಂದು ದಶಕಗಳಿಂದ ಬಿಡದೆ ನಡೆದಿದೆ. ಯಾರೂ ಕರೆಯಬೇಕಿಲ್ಲ, ಹೆಸರು ಕೊಡಬೇಕಿಲ್ಲ. 2014ರಲ್ಲಿ ಬೆಂಗಳೂರಿನವರೇ ಕೂಡಿ ಕಬ್ಬನ್ ಪಾರ್ಕಿನಲ್ಲಿ ‘ನೆರಳು’ ಎಂಬ ಮರಗಳ ಹಬ್ಬ ಶುರುಮಾಡಿದರು. ಕೈಕೊಂಡ್ರಹಳ್ಳಿಯವರು ತಮ್ಮ ಕೆರೆಗೆ ಕೆರೆಹಬ್ಬ ಮಾಡಿದರು. ಮರದ ಕೆಳಗೆ ನಿಂತು ತೊಗಟೆ ಮುಟ್ಟಿ ಮಾತಾಡುವ ಹಬ್ಬಗಳು. ಇಂಥದಕ್ಕೆ ಖರ್ಚು ಕಡಿಮೆ, ಕಸ ಇನ್ನೂ ಕಡಿಮೆ.

ಅಮಾನಿಕೆರೆಯ ಪಥದ ಪಕ್ಕ ಯಾವುದೋ ಸಮಾರಂಭಕ್ಕೆ ಕಟ್ಟಿದ್ದ ಸೀರಿಯಲ್ ಸೆಟ್ಟಿನ ತಂತಿಯ ಒಂದು ತುಂಡು ಬೇವಿನ ಕೊಂಬೆಯಲ್ಲೇ ಉಳಿದು ಜೋತಾಡುತ್ತಿತ್ತು. ಮಾರ್ಚ್ ಶುರುವಿನಲ್ಲಿ ಅದರ ತುದಿಗೆ ಜೇಡರ ಬಲೆಯ ಬೂದು ಎಳೆಗಳು ಸುತ್ತಿಕೊಂಡಿದ್ದವು. ಕಸ ಸಿಕ್ಕಿಕೊಂಡಿದೆ ಎಂದೇ ಯಾರಾದರೂ ಅಂದುಕೊಳ್ಳಬೇಕು. ಸೂರಕ್ಕಿ ಹೆಣ್ಣು ಬಂದು ಅದಕ್ಕೆ ಜೋತುಬಿದ್ದಾಗ ವಿಷಯ ತಿಳಿಯಿತು. ಬೆನ್ನು ಹಸಿರುಗಂದು, ಗಂಟಲು ಬೂದುಬಿಳಿ, ಹೊಟ್ಟೆ ತಿಳಿಹಳದಿ. ನೆರಳಲ್ಲಿ ಕೂತರೆ ಎಲೆಯಿಂದ ಬೇರೆಯಾಗಿ ಕಾಣದ ಹಕ್ಕಿ. ಕಟ್ಟುವ ಕೆಲಸ ಹೆಚ್ಚೂಕಡಿಮೆ ಅದರದೇ. ಗಂಡು, ಇಟ್ಟಿಗೆಗೆಂಪು ಬೆನ್ನಿನದು, ನೆತ್ತಿ ಮತ್ತು ಭುಜದ ಮೇಲೆ ಬಿಸಿಲು ತಾಕಿದಾಗ ಮಾತ್ರ ಹೊಳೆಯುವ ಹಸಿರಿನದು, ಮೇಲಿನ ಕೊಂಬೆಯಲ್ಲಿ ಕೂತು ಚಿಕ್ ಚಿಕ್ ಎನ್ನುತ್ತ ಆಗಾಗ ಇನ್ನೊಂದು ಗಂಡನ್ನು ಅಟ್ಟಿಕೊಂಡು ಹೋಗುತ್ತಿತ್ತು.

ಹೆಣ್ಣು ತಂದದ್ದು: ಜೇಡರ ಬಲೆ, ಒಣಹುಲ್ಲಿನ ನೂಲು, ತೆಂಗಿನ ನಾರು, ತೊಗಟೆಯ ಚೂರು, ಕಂಬಳಿಹುಳುವಿನ ಹಿಕ್ಕೆ, ಒಮ್ಮೆ ಯಾರದೋ ಹಾರದಿಂದ ಬಿದ್ದ ಜರಿಯ ಎಳೆ. ಎಳೆಯನ್ನು ಕೊಕ್ಕಿನಲ್ಲಿ ಹಿಡಿದು ಗೂಡಿನ ಮೈಗೆ ಒತ್ತುತ್ತದೆ, ಅಂಟಿಕೊಂಡಿತೋ ಎಂದು ಕತ್ತು ಹಿಂದೆ ತೆಗೆದು ನೋಡುತ್ತದೆ, ಒಳಹೋಗಿ ಎದೆಯಿಂದ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ತಳ್ಳಿದಾಗಲೆಲ್ಲ ಗೂಡು ಒಂದು ಸಲ ಉಬ್ಬಿ ತಂತಿ ಮೆಲ್ಲಗೆ ತಿರುಗುತ್ತದೆ. ಬಾಗಿಲಿನ ಮೇಲೆ ಒಂದು ಪುಟ್ಟ ಸೂರು. ಕೆಳಗೆ ಜೋತಾಡುವ ತೊಗಟೆಯ ಬಾಲ. ಒಳಗೆ ಎಕ್ಕದ ಅರಳೆ. ಕೆಲಸ ಮುಗಿದ ಮೇಲೂ ಅದು ಹೊರಗಿನಿಂದ ಮತ್ತೆ ಕಸವೇ ಆಗಿ ಕಂಡಿತು.

ಪೊರಕೆ ಹಿಡಿದು ಬರುವ ಹೆಂಗಸರಿಗೆ ಮೊದಲು ತೋರಿಸಿದೆ. ಅವರಲ್ಲಿ ಹಿರಿಯಾಕೆ ಒಮ್ಮೆ ಕತ್ತೆತ್ತಿ ನೋಡಿ, ‘ನಮ್ಗೊತ್ತಿಲ್ವಾ ಸಾ, ಹೋದ್ವಾರದಿಂದ ಆ ಕಡೆ ಗುಡಿಸ್ತಾನೇ ಇಲ್ಲ’ ಎಂದರು. ವಾಕಿಂಗಿನವರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಸುದ್ದಿ ಹರಡಿದರು. ಒಂದು ವಾರದಲ್ಲಿ ಆ ಬೇವಿನ ಬಳಿ ಬಂದಾಗ ಜನರ ದನಿ ತಾನಾಗಿ ತಗ್ಗುವುದನ್ನು ಕಂಡೆ. ಎಲೆಕ್ಟ್ರಿಷಿಯನ್ ಹುಡುಗ ಏಣಿ ತಂದ ದಿನ ಮೂರು ಜನ ಒಟ್ಟಿಗೇ ‘ತಡಿಯಪ್ಪಾ’ ಎಂದರಂತೆ, ನಾನು ಅಲ್ಲಿರಲಿಲ್ಲ. ಮೊಟ್ಟೆಗೆ ಸುಮಾರು ಎರಡು ವಾರ ಕಾವು, ಮರಿ ಹಾರಲು ಹತ್ತಿರ ಹತ್ತಿರ ಇನ್ನೆರಡು ವಾರ. ಅಷ್ಟು ದಿನವೂ ಆ ತಂತಿ ಅಲ್ಲೇ ಇತ್ತು. ಗೂಡು ಖಾಲಿಯಾದ ಮೇಲೆ ಹುಡುಗ ಅದನ್ನು ಬಿಚ್ಚಿ, ಗೂಡನ್ನು ಮಾತ್ರ ಮೇಷ್ಟ್ರ ಕೈಗೆ ಕೊಟ್ಟುಹೋದ. ಅದೀಗ ಒಂದು ಶಾಲೆಯ ಬೀರುವಿನಲ್ಲಿದೆ.

ತುಮಕೂರಿನ ಪಕ್ಕದ ಗುಬ್ಬಿ ಪಟ್ಟಣದಲ್ಲಿ ಉದ್ಯಾನ ಎನ್ನುವಂಥದ್ದನ್ನು ನಾನು ಹೆಚ್ಚು ನೋಡಿಲ್ಲ. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಹಳೆಯ ಪೇಟೆಯ ದಿನಸಿ ಅಂಗಡಿಗಳ ಸಾಲು. 2010ರಿಂದ ಮಾರ್ಚ್ 20ನ್ನು ಗುಬ್ಬಚ್ಚಿ ದಿನವೆಂದು ಆಚರಿಸುತ್ತಾರೆ, ಮರದ ಗೂಡುಪೆಟ್ಟಿಗೆ ಹಂಚುತ್ತಾರೆ. ಪೇಟೆಯ ಗುಬ್ಬಚ್ಚಿಗಳು ಮಾತ್ರ ರೋಲಿಂಗ್ ಶಟರಿನ ಮೇಲಿನ ಡಬ್ಬಿಯ ಸಂದನ್ನೇ ಹಿಡಿದಿವೆ. ಅಂಗಡಿಯಾತ ಬೆಳಗ್ಗೆ ಶಟರನ್ನು ಎಷ್ಟು ನಿಧಾನವಾಗಿ ಎತ್ತುತ್ತಾನೆಂದರೆ, ಬೇರೆ ಊರಿನವರು ಕಂಡರೆ ಶಟರು ಕೆಟ್ಟಿದೆ ಎಂದುಕೊಳ್ಳಬೇಕು.

ಇದೇ ಬಗೆಯ ಕಾವಲನ್ನು ದೊಡ್ಡದಾಗಿ ನೋಡಬೇಕಾದರೆ ಸಿರಾದ ಆಚೆ ಕಗ್ಗಲಡುವಿಗೆ ಹೋಗಬೇಕು. ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ. ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನವರು 1999ರಲ್ಲಿ ಹೊರಲೋಕಕ್ಕೆ ಈ ತಾಣವನ್ನು ಪರಿಚಯಿಸುವ ಮೊದಲೇ ಊರವರು ಕೊಕ್ಕರೆಗಳ ಜೊತೆ ಬದುಕುತ್ತಿದ್ದರು. ಗೂಡಿರುವ ಮರದ ಹುಣಸೆಹಣ್ಣಿನ ಆಸೆಯನ್ನು ಬಿಡಬೇಕು, ಹಿಕ್ಕೆಯ ನಾತವನ್ನು ಸಹಿಸಬೇಕು, ಮಂಚ ಹಾಕಿದಲ್ಲಿ ಮೀನಿನ ತುಂಡು ಬಿದ್ದರೆ ಮಂಚವನ್ನು ಸರಿಸಬೇಕು. ಮಧ್ಯಾಹ್ನದ ಬಿಸಿಲಲ್ಲಿ ತಾಯಿಹಕ್ಕಿ ಗೂಡಿನ ಅಂಚಿಗೆ ಬಂದು ಎರಡೂ ರೆಕ್ಕೆಗಳನ್ನು ಅರ್ಧ ಬಿಚ್ಚಿ, ಬೆನ್ನನ್ನು ಸೂರ್ಯನಿಗೆ ಕೊಟ್ಟು ನಿಲ್ಲುತ್ತದೆ; ಬೂದುಬಿಳಿ ತುಪ್ಪುಳದ ಮರಿಗಳು ಆ ನೆರಳಿನೊಳಗೆ ಸರಿದು ಬರುತ್ತವೆ. ನೆರಳು ಜರುಗಿದರೆ ತಾಯಿ ಒಂದು ಹೆಜ್ಜೆ ಜರುಗುತ್ತದೆ, ಮರಿಗಳು ಅದರ ಹಿಂದೆ. ಇದನ್ನು ಇಡೀ ಮಧ್ಯಾಹ್ನ ನೋಡಿದ್ದೇನೆ. ಅಮಾನಿಕೆರೆಯಲ್ಲಿ ಕೊಕ್ಕು ಆಡಿಸುವ ಹಕ್ಕಿ ಇಲ್ಲಿಯದೇ ಇರಬಹುದೇ ಎಂಬ ಆಸೆಯೂ ನನಗಿದೆ.

ಕುಣಿಗಲ್ಲಿನ ಹಳೆಯ ಹಸಿರು ಬೇಲಿಯೊಳಗಿದೆ. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ಜಾಗ. ಇವತ್ತಿನ ಸ್ಟಡ್ ಫಾರಂ 400 ಎಕರೆಗೂ ಮಿಕ್ಕಿದ್ದು. ಅದನ್ನು ಟೌನ್‌ಶಿಪ್ ಮಾಡುವ ಪ್ರಸ್ತಾವ ಈಚೆಗೆ ಬಂದಾಗ ವಿರೋಧದ ದನಿಗಳೂ ಎದ್ದವು. ರಸ್ತೆಬದಿಯಿಂದ ಕಂಡಷ್ಟೇ ನನ್ನ ಪಾಲು: ಮೇಯುವ ಕೆಂಗಂದು ಕುದುರೆ, ಅದರ ಗೊರಸು ಎದ್ದಲ್ಲೆಲ್ಲ ಹುಲ್ಲಿನಿಂದ ಹಾರುವ ಮಿಡತೆಗಾಗಿ ಕತ್ತು ಮುಂದೆಮಾಡಿ ನಡೆಯುವ ಗೋವಕ್ಕಿ, ಬೇಲಿಗಂಬದಿಂದ ಜಿಗಿದು ಆ ಮಿಡತೆಯನ್ನು ಗಾಳಿಯಲ್ಲೇ ಕಸಿಯುವ ಕಾಜಾಣ. ಕಾಜಾಣ ಬಂದು ಹೋದ ಮೇಲೂ ಗೋವಕ್ಕಿ ಒಂದು ಗಳಿಗೆ ಖಾಲಿ ಗಾಳಿಯನ್ನು ನೋಡುತ್ತದೆ.

ಜನಪದರು ಹಾಡಾಗಿಸಿದ ಕುಣಿಗಲ್ಲಿನ ದೊಡ್ಡಕೆರೆಗೆ ಮಾತ್ರ ಬೇಲಿಯಿಲ್ಲ. ಕಳೆದ ಎಣಿಕೆಯ ಕೊನೆಯ ದಿನ ಅಲ್ಲಿನ ಏರಿಯ ಮೇಲೆ ಪಟ್ಟಿ ಹಿಡಿದು ಕೂತಿದ್ದೆ. ಮೇಕೆ ಮೇಯಿಸುತ್ತಿದ್ದ ಅಜ್ಜಿ ಬಂದು ಬಹಳ ಹೊತ್ತು ಪಕ್ಕದಲ್ಲಿ ನಿಂತರು.

‘ಏನಪ್ಪಾ, ಆವಾಗಿಂದ ಬರ್ಕಂತಾನೇ ಇದೀಯ?’

‘ಹಕ್ಕಿ ಎಣಿಸ್ತಿದೀನಜ್ಜಿ.’

‘ಹೆಜ್ಜಾರ್ಲೆ ಬರ್ಕಂಡ್ಯಾ?’

ಇನ್ನೂ ಕಂಡಿಲ್ಲ ಎಂದೆ. ಅಜ್ಜಿ ಕೋಲಿನಿಂದ ಕೆರೆಯ ಆ ತುದಿ ತೋರಿಸಿದರು. ‘ಇಲ್ಲಿ ಕುಂತ್ರೆ ಎಲ್ಲಿ ಕಾಣ್ತವೆ. ಹೊತ್ತಿಳಿದ ಮ್ಯಾಲೆ ಆ ಕಡೆ ಬರ್ತವೆ, ಹೋಗು. ನಿನ್ನೆ ಹನ್ನೊಂದಿದ್ವು.’